ಮಾರ್ಥವ್ವನ ಪಕ್ಕದ ಕುರ್ಚಿ

ಬೆಟಗೇರಿ, ೨೨೧೪ನೇ ಇಸವಿ, ಫೆಬ್ರವರಿ ೩೦

ಪೂಜ್ಯ ಸುಗುಣವ್ವಜ್ಜಿಯವರಿಗೆ, ನಿಮ್ಮ ಏಳನೆಯ ತಲೆಮಾರಿನ ದೇವದಾನನ ವಂದನೆಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನ ಯಾವ ತಿಂಗಳಿಗೂ ಸೇರದ ರಜೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ಕ್ಷಮೆ ಕೇಳಬೇಕಾದದ್ದು ಇನ್ನೂ ಇದೆ.

ನೀವು ನಮ್ಮ ಕ್ರೈಸ್ತ ಸಭೆಯಲ್ಲಿ ಆರಂಭಿಸಿದ ‘ಕೂರುವ ಸರದಿ’ ಇಂದಿಗೂ ನಡೆದಿದೆ. ಹಾಸಿಗೆ ಹಿಡಿದವರ ಬಳಿ ಸಭೆಯ ಒಬ್ಬರು ದಿನಕ್ಕೊಂದು ತಾಸು ಕೂರಬೇಕು, ಕೀರ್ತನೆ ಓದಬೇಕು, ಅವರು ಹೇಳಿದ್ದನ್ನು ಮನೆಯವರಿಗೆ ಮುಟ್ಟಿಸಬೇಕು. ಔಷಧಿ ಕುಡಿಸಲು, ಮೈ ಒರೆಸಲು ಯಂತ್ರಗಳಿವೆ. ಕೇಳಿಸಿಕೊಳ್ಳುವ ಕೆಲಸವನ್ನು ಮಾತ್ರ ಸಭೆ ಯಂತ್ರಕ್ಕೆ ಬಿಟ್ಟಿಲ್ಲ. ದನಿ ಹಿಡಿಯುವ ಯಾವುದನ್ನೂ ಆ ಕೋಣೆಗೆ ತರುವಂತಿಲ್ಲ.

ನಮ್ಮ ಕಾಲದ ಚಟ ‘ಒಳಗನ್ನಡಿ’. ಕಣ್ಣಿನ ಮೇಲೆ ಕೂರುವ, ದನಿ ಹಿಡಿಯದ ತೆಳುಗಾಜು ಅದು. ಆಟ, ಸುದ್ದಿ, ಹರಟೆ ಎಲ್ಲ ಅದರಲ್ಲೇ ಓಡುತ್ತವೆ; ಎದುರಿನವರಿಗೆ ಮಾತ್ರ ನಾವು ಅವರನ್ನೇ ನೋಡುತ್ತಿದ್ದಂತೆ ಕಾಣುತ್ತದೆ. ಸಭೆಯ ಹಿರಿಯನಾದ ನಾನು ಅದರ ವಿರುದ್ಧ ಎರಡು ಸಲ ಪ್ರಸಂಗ ಮಾಡಿದ್ದೇನೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎನ್ನುವ ಮಾತು ನಿಮ್ಮ ಕಾಲದಲ್ಲೂ ಇತ್ತಲ್ಲವೇ?

ಕಳೆದ ತಿಂಗಳು, ಹಾಸಿಗೆ ಹಿಡಿದಿದ್ದ ಮಾರ್ಥವ್ವನ ಬಳಿ ನನ್ನ ಸರದಿ. ಅವಳು ಮಗಳು ಲೀದಿಯಾಳೊಂದಿಗೆ ಮಾತು ಬಿಟ್ಟು ಹದಿನೈದು ವರ್ಷವಾಗಿತ್ತು. ಕೀರ್ತನೆ ನನಗೆ ಬಾಯಿಪಾಠ. ಬಾಯಿ ಅದನ್ನು ಹೇಳುತ್ತಿತ್ತು, ಕಣ್ಣು ಕೋಳಿ ಓಟ ನೋಡುತ್ತಿತ್ತು. ಅದೂ ಯಂತ್ರದ ಕೋಳಿಗಳು. ನಡುವೆ ಅವಳು ಬಹಳ ಹೊತ್ತು ಏನೋ ಹೇಳಿದಳು, ನಾನು ಹೂಂಗುಟ್ಟಿದೆ. ಕಿವಿಗೆ ಬಿದ್ದದ್ದು ಕೊನೆಯ ಮಾತೊಂದೇ.

“ಇಷ್ಟ ಹೇಳಪಾ ನನ್ನ ಮಗಳಿಗೆ. ಇನ್ನ ನನ್ನ ಎದಿ ಹಗುರಾತು.”

ಏನೆಂದು ಮತ್ತೆ ಕೇಳಬಹುದಿತ್ತು. ಹಿರಿಯನೆಂಬ ಬಿಗುಮಾನ ಬಿಡಲಿಲ್ಲ. ನಾಳೆ ಕೇಳಿದರಾಯಿತು ಎಂದುಕೊಂಡೆ. ಬೆಳಿಗ್ಗೆ ಅವಳು ತೀರಿಕೊಂಡಳು.

ಮಣ್ಣು ಮಾಡಿ ಬಂದ ಮೇಲೆ ಲೀದಿಯಾ ನನ್ನೆದುರು ಕೂತು, ಅವ್ವ ಏನಂದಳು ಎಂದಷ್ಟೇ ಕೇಳಿದಳು. ನಿನ್ನನ್ನು ಕ್ಷಮಿಸಿದಳು ಎಂದುಬಿಡಬಹುದಿತ್ತು. ಆದರೆ ಮಾರ್ಥವ್ವ ಕ್ಷಮಿಸಿದಳೋ, ಕ್ಷಮೆ ಬೇಡಿದಳೋ ನನಗೆ ಗೊತ್ತಿಲ್ಲ. ನಡೆದದ್ದನ್ನು ಹೇಳಿದೆ. ಲೀದಿಯಾ ಬೈಯಲಿಲ್ಲ. ಯಾವ ಕೋಳಿ ಗೆದ್ದಿತು ಎಂದು ಕೇಳಿದಳು. ಅದು ನನಗೆ ನೆನಪಿತ್ತು.

ಅಂದಿನಿಂದ ನನ್ನ ಮುಖ ನನಗೇ ಬೇಡವಾಗಿದೆ. ಅಜ್ಜಿ, ಈ ಕಾಗದ ನಿಮಗೆ ಮುಟ್ಟಿದರೆ ಸರದಿಯ ನಿಯಮಗಳಿಗೆ ಒಂದು ಸಾಲು ಸೇರಿಸಿ: ಕೂತವನು ಏಳುವ ಮುಂಚೆ, ತಾನು ಕೇಳಿದ್ದನ್ನು ಮಲಗಿದವರಿಗೆ ಒಮ್ಮೆ ತಿರುಗಿ ಹೇಳಬೇಕು. ಆ ನಿಯಮ ನಿಮ್ಮ ಕಾಲದಿಂದಲೇ ಇದ್ದರೆ, ಆ ದಿನ ನಾನು ಮಾರ್ಥವ್ವನ ಎದುರೇ ಸಿಕ್ಕಿಬೀಳುತ್ತೇನೆ. ಅವಳು ನನಗೆ ಚೆನ್ನಾಗಿ ಬೈದು, ಎಲ್ಲವನ್ನೂ ಇನ್ನೊಮ್ಮೆ ಹೇಳುತ್ತಾಳೆ.

ನಿಮ್ಮವನೆನ್ನಲು ನಾಚುವ,
ದೇವದಾನ