ಹನ್ನೊಂದು ಫ್ರೇಮಿನ ‘ಬಾ’

ಮಾರ್ಚ್ 2, ಬೆಳಿಗ್ಗೆ

ರೀಲು ಮೂರನೇ ಸಲ ಒರೆಸಿದೆ. ಬಟ್ಟೆ ಇನ್ನೂ ಕಪ್ಪು.

ಎರಡೂಕಾಲು ಗಂಟೆಯ ಹಳೇ ಸಿನಿಮಾ. ಮನೆಯ ಗೋಡೆಗೆ ಬಿಟ್ಟು ನೋಡಲೆಂದು ಯಾರೋ ಪುಣ್ಯಾತ್ಮ ಅದನ್ನು ಹದಿನೇಳು ನಿಮಿಷಕ್ಕೆ ಇಳಿಸಿದ್ದಾನೆ. ಹೆಸರಿಲ್ಲದ ಆ ಕತ್ತರಿಗೆ ದೊಡ್ಡ ನಮಸ್ಕಾರ. ಆರು ಹಾಡು ಹೋಗಿವೆ, ಇಬ್ಬರು ಖಳನಾಯಕರಲ್ಲಿ ಒಬ್ಬ ಹೋಗಿದ್ದಾನೆ, ಕಥೆ ಮಾತ್ರ ಎಲ್ಲೂ ಹೋಗಿಲ್ಲ! ಆದರೆ ಫಿಲ್ಮಿನ ಅಂಚಿನ ಶಬ್ದದ ಪಟ್ಟಿ ಸವೆದಿದೆ. ಹೊಸ ಪಟ್ಟಿ ಅಂಟಿಸಿ, ಸಿಕ್ಕಸಿಕ್ಕ ಪ್ರತಿಗಳಿಂದ ಶಬ್ದ ಹೆಕ್ಕಿ ಮತ್ತೆ ತುಂಬಬೇಕು. ಯಾರೂ ಹೇಳಿದ ಕೆಲಸವಲ್ಲ. ರೇಡಿಯೊ ರಿಪೇರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಹೀಗೆ ಇಪ್ಪತ್ತಾರು ಸಿನಿಮಾ ಮುಗಿಸಿದ್ದೇನೆ. ಇದು ಇಪ್ಪತ್ತೇಳು.

ಹೆಂಡತಿ ಇಣುಕಿದಳು. “ಎರಡು ಗಂಟೆ ಮಾತಾಡೋ ಗಂಡನ್ನ ಹದಿನೇಳು ನಿಮಿಷಕ್ಕೆ ಇಳಿಸೋ ಮಿಷನ್ ಬಂದ್ರೆ ಹೇಳ್ರೀ. ಮೊದಲು ನಾನೇ ಹೋಗಿ ಕ್ಯೂ ನಿಲ್ತೀನಿ.”

ಉತ್ತರ ಇತ್ತು. ಉದ್ದ ಇತ್ತು. ಬಿಟ್ಟೆ.

ಮಾರ್ಚ್ 5

ಲೆಕ್ಕ: ಹದಿನಾರು ನಿಮಿಷ ಐವತ್ತೊಂಬತ್ತೂವರೆ ಸೆಕೆಂಡಿನ ಶಬ್ದ ಸಿಕ್ಕಿದೆ. ಬಾಕಿ ಅರ್ಧ ಸೆಕೆಂಡ್. ಆ ಅರ್ಧದಲ್ಲೇ ಇಡೀ ಸಿನಿಮಾ ಇದೆ.

ಕಥೆಯಲ್ಲಿ ತಮ್ಮನೊಬ್ಬ ಮನೆ ಬಿಟ್ಟು ಹೊರಟಿದ್ದಾನೆ. ಸಾಕಿ ಬೆಳೆಸಿದ ಅಕ್ಕ ಬಾಗಿಲಲ್ಲಿ ನಿಂತು “ಹೋಗಿ ಬಾ” ಅನ್ನಬೇಕು. ಇದರಲ್ಲಿ ‘ಬಾ’ ಇಲ್ಲ. ಈ ಫಿಲ್ಮಿನಲ್ಲಿ ಒಂದು ಚಿತ್ರದ ಶಬ್ದ ಅದಕ್ಕಿಂತ ಹದಿನೆಂಟು ಫ್ರೇಮ್ ಮೊದಲಿನ ಚಿತ್ರದ ಪಕ್ಕ ಕೂತಿರುತ್ತದೆ. ತಮ್ಮನ ಪೆಟ್ಟಿಗೆ ಕಾಣುವ ಕಡೆ ಯಾವತ್ತೋ ಹರಿದಿದೆ. ಹನ್ನೊಂದು ಫ್ರೇಮ್ ಕತ್ತರಿಸಿ ಅಂಟಿಸಿದ್ದಾರೆ. ಕತ್ತರಿಸಿದ್ದು ಪೆಟ್ಟಿಗೆಯನ್ನು, ಹೋದದ್ದು ಅದರ ನಂತರ ಬರುವ ಅಕ್ಕನ ಮಾತು. ಪೂರ್ತಿ ಸಿನಿಮಾದಲ್ಲಿ ಹುಡುಕಿದರೆ ಸರಿಯಾಗಿ ಅಲ್ಲಿಗೇ ಒಂದು ರೀಲು ಮುಗಿಯುತ್ತದೆ — ರೀಲಿನ ಬಾಲ ಯಾವಾಗಲೂ ಸವೆದಿರುತ್ತದೆ.

ಈಗ ಅಕ್ಕ ತಮ್ಮನಿಗೆ ಬರೀ “ಹೋಗಿ” ಅನ್ನುತ್ತಾಳೆ. ಬಹುವಚನ ಬೇರೆ! ಬಾಡಿಗೆದಾರನನ್ನು ಮನೆ ಖಾಲಿ ಮಾಡಿಸಿದ ಹಾಗೆ.

ಮಾರ್ಚ್ 11

ಹಳೇ ಸೌಂಡ್ ಇಂಜಿನಿಯರ್ ಒಬ್ಬರು ಫೋನಿನಲ್ಲಿ ನಕ್ಕರು. ಅಕ್ಕನ ಪಾತ್ರ ಮಾಡಿದ ನಟಿಗೆ ಕನ್ನಡವೇ ಬರುತ್ತಿರಲಿಲ್ಲವಂತೆ. ದನಿ ಕೊಟ್ಟವರು ಬೇರೆ, ಟೈಟಲ್ಲಿನಲ್ಲಿ ಅವರ ಹೆಸರೂ ಇಲ್ಲ. ಇರುವುದು ನನ್ನ ಅಂಗಡಿಯಿಂದ ನಾಲ್ಕು ಬೀದಿ ಆಚೆ, ಲಾಂಡ್ರಿಯ ಮಹಡಿಯಲ್ಲಿ. ಮೂವತ್ತು ವರ್ಷದಿಂದ ಅವರ ಕಿಟಕಿಯ ಕೆಳಗೇ ಓಡಾಡಿದ್ದೇನೆ, ಬಾಯಿ ಬಡಿದುಕೊಳ್ಳುತ್ತಾ.

ಹೋಗಿ ಕಂಡೆ. ಅರವತ್ತೇಳು ವಯಸ್ಸು. ಕತ್ತಿಗೆ ಮಫ್ಲರ್. ಮರಳು ತಿಕ್ಕಿದಂಥ ದನಿ.

“ಬೇಗ ಬಂದೆ ಬಿಡಪ್ಪಾ. ಇಪ್ಪತ್ತಕ್ಕೆ ಪೆಟ್ಟಿಗೆ ತೆಗೀತಾರೆ.”

ನಾನು ಜಾಣ. “ಮಾರೋದಾದ್ರೆ ನನಗೇ ಕೊಡಿಮ್ಮಾ. ಯಾವ ಕಂಪನಿ ಸ್ಪೀಕರ್?”

“ಇದು,” ಅಂತ ಗಂಟಲು ಮುಟ್ಟಿಕೊಂಡರು. “ಧ್ವನಿಪೆಟ್ಟಿಗೆ. ಆಪರೇಷನ್ನು.”

ನಾಲಿಗೆ ಕಚ್ಚಿಕೊಂಡೆ. ನಗಾಡಿದ್ದು ಅವರೇ. “ಕಂಪನಿ ಒಳ್ಳೇದೇ ಇತ್ತು. ಗ್ಯಾರಂಟಿ ಮುಗೀತು.”

ಒಂಬತ್ತು ದಿನ ಇದೆ. ಬೇಕಾದದ್ದು ಒಂದು ಅಕ್ಷರ. ಕೇಳುವುದಕ್ಕೆ ನಾಚಿಕೆಯಾಗಿ ಎದ್ದು ಬಂದೆ.

ಮಾರ್ಚ್ 16, ಮಧ್ಯಾಹ್ನ

ಅವರೇ ಅಂಗಡಿಗೆ ಬಂದರು. “ಏನೋ ಕೇಳಕ್ಕೆ ಬಂದು ಕೇಳದೇ ಹೋದೆಯಲ್ಲ, ಏನದು?” ಹೇಳಿದೆ. ಸೀದಾ ಹೋಗಿ ಮೈಕಿನ ಮುಂದೆ ಕೂತರು.

ಆರು ಸಲ ಹೇಳಿದರು, ಆರೂ ದಂಡ. ಮುದುಕಿಯ ಕೆಮ್ಮೇ ಹೆಚ್ಚು. ಹೆಂಡತಿ ಬಿಸಿನೀರು ತಂದುಕೊಟ್ಟು, “ಸಾಕು ಮಾಡ್ರೀ, ಹಿಂಸೆ ಕೊಡಬೇಡಿ,” ಅಂದಳು.

ಅವರು ಕೈ ಎತ್ತಿ ತಡೆದರು. “ಒಂದು ಪೆಟ್ಟಿಗೆ ಕೊಡಿ ಇವನಿಗೆ.” ಟೂಲ್ಸ್ ಪೆಟ್ಟಿಗೆ ಸಿಕ್ಕಿತು. “ತಗೊಂಡು ಹೊರಡು.”

“ಎಲ್ಲಿಗಮ್ಮಾ?”

“ಊರು ಬಿಟ್ಟು. ನೀನು ಹೊರಡ್ದೆ ನಾನು ಯಾರಿಗೆ ಹೇಳ್ಲಿ? ಆ ಟೇಬಲ್ಗಾ?”

ಹೊರಟೆ. ಅಂಗಡಿಯಿಂದ ಬೀದಿಗೆ ಹನ್ನೆರಡು ಮೆಟ್ಟಿಲು. ಒಂಬತ್ತನೆಯದರಲ್ಲಿ ಹಿಂದಿನಿಂದ “ಹೋಗಿ ಬಾ” ಅಂತ ಬಂತು. ತಿರುಗಿ ನೋಡಿದೆ. ನಿಜವಾಗಿಯೂ ಊರು ಬಿಡುತ್ತಿದ್ದೇನೆ ಅನಿಸಿತು... ಒರಟುತನ ಹಾಗೇ ಇತ್ತು. ಆದರೆ ಅದೀಗ ಕಾಯಿಲೆಯದ್ದಲ್ಲ, ನುಂಗಿಕೊಂಡ ಅಳುವಿನದ್ದು.

ಟೇಪು ಓಡುತ್ತಿತ್ತು, ಪುಣ್ಯ. ಹಳೆಯ ‘ಹೋಗಿ’ಗೆ ಇವತ್ತಿನ ‘ಬಾ’ ಜೋಡಿಸಿದೆ. ನಡುವೆ ನಲವತ್ತೊಂದು ವರ್ಷ. ಜೋಡಿಸಿದ ಜಾಗ ಕಿವಿಗೆ ಗೊತ್ತಾಗುವುದಿಲ್ಲ.

ಮಾರ್ಚ್ 20

ಆಸ್ಪತ್ರೆ. ತಳ್ಳುಗಾಡಿಯ ಮೇಲೆ ಮಲಗಿದವರು ನನ್ನ ಕಡೆ ಕತ್ತೆತ್ತಿದರು. “ಈ ಸಲ ಹೊರಟಿರೋದು ನಾನು. ಹೇಳು ಮತ್ತೆ.”

ಹೇಳಿದೆ. ಎರಡೇ ಮಾತು. ಜೀವಮಾನದಲ್ಲಿ ಅಷ್ಟು ಚಿಕ್ಕದಾಗಿ ಮಾತಾಡಿದ್ದಿಲ್ಲ.

ಏಪ್ರಿಲ್ 9

ಬದುಕಿದ್ದಾರೆ. ಮನೆಗೆ ಬಂದಿದ್ದಾರೆ. ಕತ್ತಿಗೆ ಬ್ಯಾಂಡೇಜು, ಮಡಿಲಲ್ಲಿ ಸ್ಲೇಟು. ಪ್ರೊಜೆಕ್ಟರ್ ಹೊತ್ತು ಮಹಡಿ ಹತ್ತಿದೆ, ಲಾಂಡ್ರಿಯವನು ಬಿಳಿ ಬೆಡ್‌ಶೀಟು ಕೊಟ್ಟ. ಕಟ್ಟಿದೆ.

ಅಕ್ಕ ಬಾಗಿಲಿಗೆ ಬಂದಳು. “ಹೋಗಿ ಬಾ.” ಅವರ ತುಟಿ ಜೊತೆಗೇ ಆಡಿತು. ನನ್ನ ಕಣ್ಣು ಮಂಜಾಯಿತು. ಏನೋ ದೊಡ್ಡ ಮಾತು ಹೇಳಲು ಸಿದ್ಧನಾಗುತ್ತಿದ್ದೆ. ಅಷ್ಟರಲ್ಲಿ ಬಳಪ ಕಿರ್‌ಗುಟ್ಟಿತು.

‘ಎರಡು ಫ್ರೇಮ್ ಲೇಟು.’

“ಇರೋದಿಲ್ಲಮ್ಮಾ, ನಾನೇ ಎಣಿಸಿದ್ದೀನಿ.”

ಕೆಳಗೆ ಇನ್ನೊಂದು ಸಾಲು ಬರೆದರು. ‘ಮತ್ತೆ ಎಣಿಸು.’

ಅದೇ ದಿನ, ಸಂಜೆ

ಎಣಿಸಿದೆ. ಎರಡು. ಸರಿಯಾಗಿ ಎರಡೇ! ಗಂಟಲು ಹೋದರೇನು, ಆ ಕಿವಿಗೆ ಯಾರು ಸಾಟಿ?

ಏಪ್ರಿಲ್ 10, ಬೆಳಿಗ್ಗೆ

ಸರಿಮಾಡಿದ್ದಾಯಿತು. ಫಿಲ್ಮಿನ ಮೊದಲಿಗೆ ಒಂದು ಟೈಟಲ್ ಕಾರ್ಡನ್ನೂ ಅಂಟಿಸಿದ್ದೇನೆ: ಅಕ್ಕನ ದನಿ, ಮುಂದೆ ಅವರ ಹೆಸರು. ಹೇಳಿಲ್ಲ, ನೋಡಲಿ. ಪ್ರೊಜೆಕ್ಟರ್ ಭುಜಕ್ಕೆ ಹಾಕಿಕೊಂಡು ನಿಂತೇ ಬರೆಯುತ್ತಿದ್ದೇನೆ. ಹೆಂಡತಿ ಬಾಗಿಲು ತೆರೆದು ಹಿಡಿದಿದ್ದಾಳೆ. “ಅವರು ಕಾಯ್ತಿರ್ತಾರೆ, ಅದನ್ನ ಆಮೇಲೆ ಬರೀರಿ. ಹೋಗಿ—”