ಶಿಶು ಪ್ರದರ್ಶನದ ತೀರ್ಪುಗಾರ

ಸೆಪ್ಟೆಂಬರ್ 9, 1896. ಬೆಳಗಿನ ನಾಲ್ಕೂವರೆ.

ಕೊಟ್ಟಿಗೆಯಿಂದ "ಮಹನೀಯರೇ!" ಎಂಬ ಕೂಗಿಗೆ ಎಚ್ಚರ. ನಿದ್ದೆ ಹತ್ತಿದ್ದೇ ಮೂರಕ್ಕೆ — ಮಗಳು ಹೆಟ್ಟಿ ರಾತ್ರಿಯೆಲ್ಲ ರಚ್ಚೆ. ಗಂಡ ಲೈಮನ್ ಹಾಲು ಕರೆಯುತ್ತ ಭಾಷಣ ಒಪ್ಪಿಸುತ್ತಿದ್ದಾನೆ. ಶಾಸನಸಭೆಗೆ ನಿಂತಾಗಿನಿಂದ ನಮ್ಮ ಹದಿನಾಲ್ಕು ಹಸುಗಳಿಗೂ ರೈಲು ದರದ ಅನ್ಯಾಯ ಬಾಯಿಪಾಠ. ಕಾಲೇಜಿನಲ್ಲಿ ಭಾಷಣಕಲೆ ಓದಿದವಳು ನಾನು. ನನ್ನನ್ನೊಂದು ಮಾತು ಕೇಳಿಲ್ಲ. ಹಾಲು ಕಡಿಮೆಯಾಗಿದೆ.

ಸೆ. 13

ಜಿಲ್ಲಾ ಕೃಷಿ ಮೇಳದವರ ಕಾಗದ. ಶಿಶು ಪ್ರದರ್ಶನಕ್ಕೆ ಲೈಮನ್ನೇ ತೀರ್ಪುಗಾರನಂತೆ. ಜೊತೆಗೆ ಮೂವತ್ತೊಂದು ಕೂಸುಗಳ ಹೆಸರಿನ ಪಟ್ಟಿ. ಸೇಬು ಹೆಚ್ಚುತ್ತಿದ್ದ ಅತ್ತೆ ಚಾಕು ಕೆಳಗಿಟ್ಟರು.

"ಹೋರಿ ನೋಡಿ ಬೆಲೆ ಕಟ್ಟೋನು ನೀನು. ಕೂಸು ನೋಡಿ ಏನು ಹೇಳ್ತೀಯೋ? ಒಂದಕ್ಕೆ ಬಹುಮಾನ ಕೊಟ್ರೆ ಮೂವತ್ತು ಅಪ್ಪಂದಿರ ವೋಟು ಹೋಯ್ತು ಅಂತ ತಿಳ್ಕೋ."

"ಅದಕ್ಕೇ ಎಲ್ಲಾ ಕೂಸಿಗೂ ಮುತ್ತು ಕೊಡ್ತೀನಮ್ಮ, ಎರಡೂ ಕೆನ್ನೆಗೆ. ಮುತ್ತಿಗೇನು ಖರ್ಚು?"

"ನಿಮ್ಮಪ್ಪನೂ ಹಂಗೇ ಅಂದಿದ್ರು. ಏಳು ಮಕ್ಕಳಾದ್ವು."

ಸೆ. 17. ಮಧ್ಯಾಹ್ನ.

ಲೈಮನ್ ನಿನ್ನೆಯೇ ಹೊರಟ. ಮೇಳದೂರಿನ ಹೋಟೆಲಿನಲ್ಲಿದ್ದಾನೆ. ಪ್ರದರ್ಶನ ನಾಳೆ ಒಂಬತ್ತಕ್ಕೆ.

ಹೆಟ್ಟಿಗೆ ಜ್ವರ. ಎಡಗೆನ್ನೆ ಬನ್ನಿನಂತೆ ಊದಿದೆ. ಡಾಕ್ಟರ್ ಕಿವಿಯ ಕೆಳಗೆ ಒತ್ತಿ ನೋಡಿದರು.

"ಮಂಗನಬಾವು ಕಣಮ್ಮ. ಯಾರೂ ಮುದ್ದಾಡ್ಬೇಡಿ, ಅಂಟುತ್ತೆ. ಮನೇಲಿ ಬೇರೆ ಯಾರಿಗಾದ್ರೂ ದವಡೆ ನೋವು?"

ನಾನೂ ಅತ್ತೆಯೂ ಮುಖ ಮುಖ ನೋಡಿಕೊಂಡೆವು. ಭಾಷಣ ಮಾಡಿ ಮಾಡಿ ದವಡೆ ಹಿಡಿದಿದೆ ಎಂದು ಲೈಮನ್ ಮುಖಕ್ಕೆ ಫ್ಲಾನೆಲ್ ಬಟ್ಟೆ ಸುತ್ತಿಕೊಂಡೇ ಹೋಗಿದ್ದು. "ಮುಖ ತುಂಬ್ಕೊಂಡಿದೆ, ಗೆಲ್ಲೋ ಕಳೆ" ಎಂದು ಅತ್ತೆಯೇ ಹೊಗಳಿ ಕಳಿಸಿದ್ದರು...

ಸಂಜೆ

ಕೊನೆಯ ರೈಲು ಹೋಯಿತು. ಊರಿಗೆ ಒಂದೇ ಫೋನ್, ಪ್ರೌಟಿಯವರ ಅಂಗಡಿಯಲ್ಲಿ. ಅತ್ತೆ ಗಾಡಿ ಕಟ್ಟಿ ನಿಂತಿದ್ದಾರೆ. ಬೇರೆ ಕಾಗದ ಹುಡುಕಲು ಪುರುಸೊತ್ತಿಲ್ಲ. ಈ ಹಾಳೆಯನ್ನೇ ಹರಿದು ಕೊಡುತ್ತೇನೆ.

ಪ್ರೌಟಿಯವರೇ — ಮೇಲಿನದನ್ನು ಓದಬೇಡಿ. ಲೈಮನ್ ಇರುವ ಹೋಟೆಲಿಗೆ ಫೋನ್ ಮಾಡಿ. ಅವನಿಗೆ ಮಂಗನಬಾವು, ಒಂದು ಕೂಸನ್ನೂ ಮುಟ್ಟಬಾರದು. ಮುತ್ತು ಕೊಟ್ಟನೋ, ಮತದಾನಕ್ಕೆ ಮುಂಚೆ ಮೂವತ್ತೊಂದು ಮಕ್ಕಳಿಗೂ ಬಹುಮಾನ ಗೆಲ್ಲುವಂಥ ಕೆನ್ನೆ! ಅಪ್ಪಂದಿರು ಕೋವಿ ಹಿಡಿದೇ ಬರುತ್ತಾರೆ. ನೀವು ಎದುರು ಪಕ್ಷದವರು, ಗೊತ್ತು. ನಗುತ್ತೀರಿ, ಅದೂ ಗೊತ್ತು. ಆದರೆ ಪಟ್ಟಿಯಲ್ಲಿ ಮೊದಲ ಹೆಸರು ನಿಮ್ಮ ಮೊಮ್ಮಗನದು. ದಮ್ಮಯ್ಯ, ಬೆಳಗಾಗುವುದರೊಳಗೆ ಒಂದು ಫೋನ್ —