ಮಾನೋ ಅಂದ್ರ ಕೈ, ಮಾಮಾ

ಮಾಮಾ,

ಬರೆಯುತ್ತಿರುವುದಕ್ಕೆ ತಪ್ಪು ತಿಳಿಯಬೇಡ. ತೀರಿಹೋದವರನ್ನ ಹಿಂಗ ಕರೀಬಾರದು ಅಂತಾಳ ನಿನ್ನ ಅಕ್ಕ, ನಮ್ಮವ್ವ. ಅದಕ್ಕೇ ಅವಳಿಗೆ ಹೇಳದೆ ಹಾವೇರಿಯ ಹಾಸ್ಟೆಲಿನಲ್ಲಿ ಕೂತು ಬರೆಯುತ್ತಿದ್ದೇನೆ. ಬೇರೆ ಯಾರನ್ನ ಕೇಳಲಿ?

ಕಾಲೇಜು ಸೇರಿದ ಮೊದಲ ವಾರವೇ ಆನ್‌ಲೈನ್ ಸ್ಪ್ಯಾನಿಷ್ ಕೋರ್ಸಿಗೆ ಹೆಸರು ಕೊಟ್ಟೆ. ಬ್ಯಾಡಗಿ ಮೆಣಸಿನಕಾಯಿ ಸ್ಪೇನಿಗೂ ಹೋಗತೈತಿ ಅಂತ ನೀನೇ ಹೇಳಿದ್ದೆಯಲ್ಲ. ಒಂದು ಇಡೀ ಕ್ಲಾಸು ಒಂದೇ ಪದಕ್ಕೆ ಹೋಯಿತು: ಮಾನೋ. ಅಂದ್ರ ಕೈ. ಅರೆಯುವ ಗುಂಡುಕಲ್ಲಿಗೂ ಮಾನೋ, ಗೋಡೆಗೆ ಒಂದು ಸಲ ಬಳಿದ ಬಣ್ಣಕ್ಕೂ ಮಾನೋ. ಯಾರಿಗಾದರೂ ನೆರವಾದರೆ ‘ಒಂದು ಮಾನೋ ಎಸೆದ’ ಅನ್ನಬೇಕಂತೆ. ‘ನಮ್ಮಲ್ಲಿ ಕೈ ಕೊಟ್ಟ ಅಂದ್ರ ಬೇರೆನೇ ಸರ್’ ಅಂದೆ. ಸರ್‌ಗೆ ಕನ್ನಡ ಬಾರದು, ನಾನೊಬ್ಬಳೇ ನಕ್ಕೆ. ‘ಆ ಮಾನೋ’ (ನಮ್ಮ ‘ಆ’ ಅಲ್ಲ, ಅವರದು) ಅಂದರೆ ಕೈಯಾರೆ ಮಾಡಿದ್ದು. ಅದನ್ನು ಬರೆದುಕೊಳ್ಳುವಾಗ ನೀನು ನೆನಪಾದೆ.

ಶಾಲೆಯ ದಿನಗಳಲ್ಲಿ ರಾಣೆಬೆನ್ನೂರಿನ ಹಾಸ್ಟೆಲಿನಿಂದ ರಜೆಗೆ ಬಂದಾಗ ಒಮ್ಮೆ ನಿನ್ನ ಹಿಂದೆ ಸಾವಕಾರರ ಮೆಣಸಿನಕಾಯಿ ಗೋದಾಮಿಗೆ ಬಂದಿದ್ದೆ. ಮಾಲು ನೋಡುವವನು ನೀನು. ತೋಳು ಮೇಲೇರಿಸಿ, ಚೀಲದ ಬಾಯಿ ಬಿಚ್ಚಿ, ಮೊಣಕೈತನಕ ಒಳಗಿಳಿಸಿ ಕಣ್ಣು ಮುಚ್ಚಿ ನಿಂತೆ. ‘ತೂಕ ಬರಲಿ ಅಂತ ನೀರು ಹೊಡದಾರ. ಒಳಗ ಕಾಯಾಕತ್ತೈತಿ, ಹಂಗ ಬಿಟ್ರ ಬೆಂಕಿ ಹತ್ತತೈತಿ. ಇಳಸ್ರಿ ಎಲ್ಲಾ,’ ಅಂದೆ. ಹಮಾಲರು ಬೈದುಕೊಳ್ಳುತ್ತಲೇ ಇಳಿಸಿದರು. ನಡುವಿನ ಚೀಲ ಬಿಚ್ಚಿದರೆ ಕರ್ರಗಾದ ಕಾಯಿ, ಸುಟ್ಟ ವಾಸನೆ... ಆಮೇಲೆ ಯಾರೂ ಬೈಯಲಿಲ್ಲ.

ನಿನ್ನೆ ಸಾವಕಾರರು ಕರೆಸಿದ್ದರು. ‘ಬಾರವ್ವಾ ಫಾರಿನ್ ಮೇಡಂ! ಸ್ಪೇನಿನವರಿಗೆ ಅವರ ಭಾಷೆದಾಗ ಒಂದು ಪತ್ರ ಬರಿ. ಪ್ರತಿ ಚೀಲಾ ಕೈಹಾಕಿ ನೋಡೇವಿ ಅಂತ.’ ಯಾರು ನೋಡ್ಯಾರ್ರೀ ಅಂತ ಕೇಳಬೇಕಿತ್ತು. ನೀನು ಹೋದ ಮೇಲೆ ಆ ಕೆಲಸಕ್ಕೆ ಯಾರನ್ನೂ ಇಟ್ಟಿಲ್ಲ. ಆದರೂ ಒಂದೂ ತಪ್ಪಿಲ್ಲದೆ ಬರೆದೆ, ‘ಆ ಮಾನೋ’ ಸಮೇತ. ಹೆಮ್ಮೆನೂ ಆಯ್ತು ಮಾಮಾ, ಖರೇ ಹೇಳತೇನಿ.

ಹೊರಡುವ ಮುನ್ನ, ಅಲ್ಲೇ ಕೂಲಿ ಮಾಡುವ ಅವ್ವನನ್ನು ನೋಡಲು ಗೋದಾಮಿನ ಒಳಗೆ ಹೋದೆ. ಒಟ್ಟಿದ ಚೀಲಗಳಿಗೆ ಬೆನ್ನು ಕೊಟ್ಟು ತೊಟ್ಟು ಮುರಿಯುತ್ತಿದ್ದಳು. ‘ಇಲ್ಲೇ ಕುಂದ್ರು ಬಾ. ಬೆಚ್ಚಗೈತಿ, ಬೆನ್ನುಬ್ಯಾನಿಗೆ ಹಿತ ಆಗತೈತಿ,’ ಅಂದಳು. ನಾನು ಒಂದು ಚೀಲದ ಹೊಲಿಗೆ ಬಿಚ್ಚಿ ಕೈ ಇಳಿಸಿದೆ. ಮೇಲೆ ತಂಪು. ಮೊಣಕೈ ಮುಳುಗುವಷ್ಟರಲ್ಲಿ... ಜ್ವರ ಬಂದವರ ಕಂಕುಳಿನಂತಿತ್ತು.

ಸಾವಕಾರರಿಗೆ ಹೇಳಿದೆ. ‘ಥೇಟ್ ನಿಮ್ಮ ಮಾಮಾನ ಅನುಮಾನ! ಮಂಗಳವಾರ ಲಾರಿ ಬರತೈತಿ, ಆವಾಗ ಹೆಂಗೂ ಇಳಸ್ತೀವಿ. ಮೊದಲ ಆ ಪತ್ರ ಕಳಸು.’ ಅವ್ವನೂ ಏಳಲಿಲ್ಲ. ‘ಈ ಜಾಗಾಕ್ಕ ಜಗಳಾಡಿ ಕುಂತೇನಿ. ನೀ ಕಾಲೇಜಿಗೆ ನಡಿ.’

ಪತ್ರ ಕಳಿಸಲಿಲ್ಲ, ಕೈಹಾಕಿ ನೋಡೇವಿ ಅನ್ನುವ ಸಾಲು ಅಳಿಸಿದೆ. ನಾಳೆ ಕ್ಲಾಸು ಬಿಟ್ಟು ಮೊದಲ ಬಸ್ಸಿಗೆ ಬ್ಯಾಡಗಿಗೆ ಹೋಗುತ್ತೇನೆ. ಬೈದರೂ ಸರಿ, ಅವ್ವನನ್ನು ಅಲ್ಲಿಂದ ಎಬ್ಬಿಸುತ್ತೇನೆ. ಹಮಾಲರ ಕಾಲು ಹಿಡಿದಾದರೂ ಚೀಲ ಇಳಿಸುತ್ತೇನೆ. ಆದರೆ ಇಳಿಸುವಾಗ ಒಳಗೆ ಗಾಳಿ ಹೊಕ್ಕರೆ ಬೆಂಕಿ ಏಳುತ್ತದೆಯೇ? ನೀನು ಮೊದಲು ಮೇಲಿನ ಚೀಲ ತೆಗೆಸಿದ್ದೆಯೋ, ಬದಿಯದೋ? ಬಾಗಿಲು ತೆರೆಸಿದ್ದೆಯೋ, ಮುಚ್ಚಿಸಿದ್ದೆಯೋ? ನಾನು ಅವತ್ತು ಇಳಿಸುವಾಗ ಘಾಟು ತಾಳದೆ ಹೊರಗೆ ಓಡಿದ್ದೆ, ಮತ್ತೆ ಒಳಗೆ ಬಂದದ್ದು ನಡುವಿನ ಚೀಲ ಬಿಚ್ಚುವಾಗಲೇ.

ಮೊದಲ ಬಸ್ಸು ಆರಕ್ಕೆ. ಅಷ್ಟರೊಳಗ ಉತ್ತರ ಬರಿ ಮಾಮಾ. ಲಗೂ ಬರಿ.